ಸರಿಸಿ ಜೋಡಿಸಿದ ಗೆರೆಗಳು

ನನ್ನ ಭಾವನ ಕಿರುಬೆರಳಿನ ಉಗುರಿನ ಅಡಿಯಲ್ಲಿ ಯಾವಾಗಲೂ ಗ್ರೀಸ್ ಇರುತ್ತಿತ್ತು. ಅದೇ ಬೆರಳನ್ನು ನಾಲಗೆಗೆ ಮುಟ್ಟಿಸಿ ಕಾಗದ ತಿರುವುವರು, ಅದೇ ಬೆರಳಿನಿಂದ ಬಿಸ್ಕತ್ತು ಎತ್ತಿ "ತಗೊಳ್ಳಮ್ಮ" ಎಂದು ನನ್ನ ಮುಂದೆ ಹಿಡಿಯುವರು. ಬೇಡ ಎಂದರೆ ಅವರಿಗೆ ಬೇಜಾರು, ತಿಂದರೆ ನನಗೆ ಹೊಟ್ಟೆ ತೊಳಸು. ಆ ಬಿಸ್ಕತ್ತುಗಳನ್ನೆಲ್ಲ ಕೋಟಿನ ಜೇಬಿಗೆ ಹಾಕಿಕೊಂಡು ಬಂದು ಕಸದ ಬುಟ್ಟಿಗೆ ಸುರಿದಿದ್ದೇನೆ.

ಭಾವ ಎಂದರೆ ಅಕ್ಕನ ಗಂಡ. ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಅವರೇ ಮುಖ್ಯಸ್ಥರು. ಹಬೆಯಾಡುವ ಊಟದ ಮೇಜಿನಲ್ಲೂ ಅವರೇ, ಆಫೀಸಿನ ಮೇಜಿನಲ್ಲೂ ಅವರೇ ಎಂದಾದರೆ ಒಂದು ಹೆಣ್ಣಿಗೆ ಬೈಯುವುದಕ್ಕಾದರೂ ಜಾಗ ಬೇಡವೇ? ನಾನು ಸೇರಿದ ದಿನ ಎಲ್ಲರ ಮುಂದೆ, "ನಾದಿನಿ ಅಂತ ತಗೊಂಡಿಲ್ಲ ಕಣ್ರಪ್ಪ, ಲೇಸರ್ ಕೆಲಸ ಬರುತ್ತೆ ಅಂತ ತಗೊಂಡಿದೀನಿ" ಎಂದಿದ್ದರು. ಅಲ್ಲಿಯವರೆಗೆ ನಾನು ನಾದಿನಿ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ನಮ್ಮ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಹೀಗೆ ಹೇಳುತ್ತೇನೆ. ಒಂದು ಬಗೆಯ ಹರಳಿನ ಎರಡು ಪದರಗಳ ನಡುವೆ ಇನ್ನೊಂದು ಬಗೆಯ ಹರಳಿನ ತೀರಾ ತೆಳ್ಳನೆಯ ಪದರ. ಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಒಂದು ಪಾಲು ಬರುತ್ತದಲ್ಲ, ಅಷ್ಟು. ಅದರೊಳಗೆ ಸಿಕ್ಕಿಕೊಂಡ ಎಲೆಕ್ಟ್ರಾನು ಮೇಲಕ್ಕೂ ಹೋಗಲಾರದು, ಕೆಳಕ್ಕೂ ಹೋಗಲಾರದು, ಅಡ್ಡಡ್ಡ ಓಡಾಡಿಕೊಂಡಿರುತ್ತದೆ. ಅದಕ್ಕೇ ಕ್ವಾಂಟಮ್ ಬಾವಿ ಎಂದು ಹೆಸರು. ನಾನು ಅದಕ್ಕೆ ಲೇಸರ್ ಬೆಳಕಿನಿಂದ ಒಂದು ಏಟು ಕೊಡುತ್ತೇನೆ. ಎಲೆಕ್ಟ್ರಾನುಗಳು ವಿಪರೀತ ಬಿಸಿಯಾಗುತ್ತವೆ, ಸುತ್ತಲಿನ ಹರಳು ತಣ್ಣಗೇ ಇರುತ್ತದೆ. ಆಮೇಲೆ ಅವು ತಮ್ಮ ಬಿಸಿಯನ್ನು ಹರಳಿಗೆ ಬಿಟ್ಟುಕೊಡುತ್ತಾ ಇಳಿಯುತ್ತವೆ. ಮೊದಮೊದಲು ಮಕ್ಕಳು ಮೆಟ್ಟಿಲು ಧುಮುಕುವ ಹಾಗೆ, ಒಂದೊಂದು ಧುಮುಕಿಗೂ ಹರಳನ್ನು ನಡುಗಿಸಿ ದಡದಡ ಇಳಿಯುತ್ತವೆ. ಒಂದು ಮೆಟ್ಟಿಲಿನಷ್ಟೂ ಎತ್ತರ ಉಳಿಯದಿದ್ದಾಗ ಕುಂಡೆ ಊರಿ ಮೆಲ್ಲಗೆ ಜಾರುತ್ತವೆ. ಎಷ್ಟು ಬೇಗ ತಣ್ಣಗಾದವು ಎಂದು ಅಳೆಯುವುದೇ ನಮ್ಮ ಹೊಟ್ಟೆಪಾಡು.

ಭಾವನಿಗೆ ಹೆಸರು ಬಂದಿದ್ದು ಅವರ ಬಾವಿಗಳಲ್ಲಿ ಎಲೆಕ್ಟ್ರಾನುಗಳು ತಣ್ಣಗಾಗುವುದೇ ಇಲ್ಲ ಎಂಬ ಪ್ರಬಂಧದಿಂದ. ಅರ್ಧ ದಾರಿ ಇಳಿದು ಅಲ್ಲೇ ಜಗ್ಗದೆ ಕೂತುಬಿಡುತ್ತವೆ ಎಂದು ಬರೆದಿದ್ದರು. ಬಿಸಿಲಿನಿಂದ ವಿದ್ಯುತ್ ತೆಗೆಯುವವರಿಗೆ ಇದಕ್ಕಿಂತ ಸಿಹಿ ಸುದ್ದಿ ಇಲ್ಲ. ಎಲೆಕ್ಟ್ರಾನಿನ ಬಿಸಿ ಪೋಲಾಗುವ ಮೊದಲೇ ಅದನ್ನು ಬಾಚಿಕೊಳ್ಳಬಹುದಲ್ಲ. ಅನುದಾನ ಬಂತು, ಹಾರ ತುರಾಯಿ ಬಂತು, ಭಾವನ ಕೋಣೆಗೆ ಹೊಸ ಸೋಫಾ ಬಂತು. ಸೋಫಾದ ಮೇಲೂ ಗ್ರೀಸ್ ಬಂತು.

ಆ ಬಾವಿಗಳನ್ನು ಬೆಳೆಸಿದ್ದು ಭಾವ ಅಲ್ಲ. ಬೆಳೆಸಿದವನನ್ನು ನಾವೆಲ್ಲ ಅಡುಗೆಯಣ್ಣ ಎನ್ನುತ್ತಿದ್ದೆವು. ಗಾಳಿಯೆಲ್ಲ ಹೀರಿ ತೆಗೆದ ಉಕ್ಕಿನ ದೊಡ್ಡ ಯಂತ್ರ, ಒಳಗೆ ಪುಟ್ಟ ಪುಟ್ಟ ಒಲೆಗಳು, ಒಲೆಗೊಂದು ಮುಚ್ಚಳ. ಯಾವ ಮುಚ್ಚಳ ಎಷ್ಟು ಹೊತ್ತು ತೆರೆದಿರಬೇಕು ಎಂದು ನೋಡಿಕೊಂಡು, ತಿರುಗುವ ಹಿಡಿಕೆಯ ಮೇಲೆ ಒಂದೊಂದೇ ಪರಮಾಣು ಪದರವನ್ನು ಕೂರಿಸಿ, ಬಾವಿಗಳಿರುವ ಹರಳಿನ ಬಿಲ್ಲೆ ಬೆಳೆಸುವುದು ಅವನ ಕೆಲಸ. ಐವತ್ತು ದಾಟಿದ ಗಂಡಸು, ಮದುವೆಯಿಲ್ಲ, ಮನೆಯಲ್ಲಿ ವಯಸ್ಸಾದ ತಾಯಿ. ಬಾಯಿ ಮಾತ್ರ ಊರಗಲ. "ನನ್ ಬಿಲ್ಲೆ ಮೇಲೆ ಇರುವೆ ಬಿಟ್ರೆ ಜಾರಿ ಬಿದ್ದು ಸೊಂಟ ಮುರ್ಕೊಳ್ಳುತ್ತೆ, ಅಷ್ಟು ನುಣುಪು" ಎನ್ನುವನು. "ನಾನಿಲ್ದೆ ಈ ಕಟ್ಟಡದಲ್ಲಿ ಏನಿದೆ? ನಲ್ಲಿ ನೀರು, ನಿಮ್ ಭಾವನ ಗೊರಕೆ." ಜಂಬದ ಮನುಷ್ಯ. ಆದರೆ ಅವನ ಜಂಬಕ್ಕೆ ಕಾರಣವಿತ್ತು, ಅದು ನನಗೆ ಇಷ್ಟವಾಗುತ್ತಿತ್ತು.

ಬಿಲ್ಲೆ ಅವನದು, ಲೇಸರ್ ನನ್ನದು, ಇವೆರಡರ ನಡುವೆ ಭಾವನ ಬೆರಳು. ನಮ್ಮಲ್ಲಿ ಒಂದು ಪದ್ಧತಿ ಇತ್ತು: ಬಿಲ್ಲೆಯ ತುಂಡನ್ನು ತಣ್ಣನೆಯ ಡಬ್ಬಿಯೊಳಗಿನ ತಾಮ್ರಕ್ಕೆ ಅಂಟಿಸುವುದು ಮುಖ್ಯಸ್ಥರೇ, ಬೇರೆ ಯಾರೂ ಮುಟ್ಟುವಂತಿಲ್ಲ. ಹೀಲಿಯಂ ತಾಮ್ರವನ್ನು ತಣ್ಣಗೆ ಮಾಡುತ್ತದೆ, ತಾಮ್ರ ಬಿಲ್ಲೆಯನ್ನು ತಣ್ಣಗೆ ಮಾಡುತ್ತದೆ, ನಡುವೆ ತೆಳ್ಳನೆಯ ಗ್ರೀಸಿನ ಲೇಪ. ಭಾವ ಮಾತ್ರ ಮಂಡಿನೋವಿಗೆ ಮುಲಾಮು ಹಚ್ಚುವ ಹಾಗೆ ಬಳಿಯುತ್ತಿದ್ದರು. "ಧಾರಾಳವಾಗಿರ್ಬೇಕು. ಜಿಪುಣತನ ವಿಜ್ಞಾನಕ್ಕೆ ಒಗ್ಗಲ್ಲ" ಎಂದು ಉಳಿದ ಗ್ರೀಸನ್ನು ಕಿಟಕಿಯ ಪರದೆಗೆ ಒರೆಸುತ್ತಿದ್ದರು.

ಹೀಗಿರುವಾಗ ಬೇರೊಂದು ಸಂಸ್ಥೆಯಿಂದ ಒಬ್ಬ ಹಿರಿಯಾಕೆ ತಕರಾರು ತೆಗೆದಳು. ಅದೇ ಬಿಲ್ಲೆಯ ಇನ್ನರ್ಧವನ್ನು ನಾವೇ ಅವಳಿಗೆ ಕಳಿಸಿದ್ದೆವು. ಅವಳ ಲ್ಯಾಬಿನಲ್ಲಿ ಎಲೆಕ್ಟ್ರಾನುಗಳು ಎಲ್ಲರ ಮನೆಯ ಎಲೆಕ್ಟ್ರಾನುಗಳ ಹಾಗೆ ಸುಮ್ಮನೆ ತಣ್ಣಗಾದವಂತೆ. ಸೋಮವಾರ ಖುದ್ದಾಗಿ ಬಂದು ನಮ್ಮ ಸಂಸ್ಥೆಯ ನಿರ್ದೇಶಕರ ಮುಂದೆಯೇ ಮಾತಾಡುತ್ತೇನೆ ಎಂದಳು. ಭಾವ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಬಿಲ್ಲೆ ಒಂದೇ ಸಮ ಇಲ್ಲ. ನಮ್ಮರ್ಧ ಚೆನ್ನಾಗಿದೆ, ಅವರಿಗೆ ಹೋದ ಅರ್ಧ ಕೊಳಕು. ಕೊಳಕಿದ್ರೆ ಬಿಸಿ ಬೇಗ ಸೋರಿ ಹೋಗುತ್ತೆ. ಇದು ಅಡುಗೆಯವನ ತಪ್ಪು" ಎಂದರು.

ಅಡುಗೆಯಣ್ಣ ಅಲ್ಲೇ ನಿಂತಿದ್ದ. "ನನ್ ಬಿಲ್ಲೆ ಒಂದೇ ಸಮ ಇಲ್ವಾ? ಹಿಡಿಕೆ ತಿರುಗ್ತಾನೇ ಇರುತ್ತೆ ಸ್ವಾಮಿ, ಎಲ್ಲಾ ಕಡೆಗೂ ಒಂದೇ ಅಳತೆ ಬೀಳುತ್ತೆ. ಯಾರ್ಗೆ ಹೇಳ್ತೀರಿ ನೀವು!"

"ಕೂಗಾಡ್ಬೇಡ. ಮಷೀನಿಗೆ ವಯಸ್ಸಾಗಿದೆ, ನಿನಗೂ ಆಗಿದೆ. ಮುಚ್ಚೋದು ಒಳ್ಳೇದು ಅಂತ ನಿರ್ದೇಶಕರಿಗೂ ಅನ್ನಿಸಿದೆ. ಸೋಮವಾರ ತೀರ್ಮಾನ ಆಗುತ್ತೆ."

ಅಡುಗೆಯಣ್ಣನ ಮುಖ ಸುಣ್ಣವಾಯಿತು. ಆ ಯಂತ್ರ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ಅದು ಬಿಸಿಯಾಗಿದೆಯೇ, ತಣ್ಣಗಿದೆಯೇ ಎಂದು ರಜೆಯ ದಿನವೂ ಬಂದು ನೋಡಿಕೊಂಡು ಹೋಗುವವನು. ಹೊರಗೆ ಬಂದು ನನ್ನ ಮುಂದೆ, "ಮಷೀನ್ ಮುಚ್ಚಿದ್ರೆ ನಾನು ಬದುಕಿ ಏನ್ ಮಾಡ್ಲಿ?" ಎಂದ. ಹಾಸ್ಯಕ್ಕೆ ಹೇಳಿದ ಮಾತಲ್ಲ ಅದು.

ನನಗೆ ಮೈಯೆಲ್ಲ ಉರಿಯಿತು. ಹಿರಿಯಾಕೆ ತನ್ನ ಅಳತೆಯ ಗೆರೆಗಳನ್ನು ಕಳಿಸಿದ್ದಳು, ಯಂತ್ರದಿಂದ ಬಂದದ್ದನ್ನು ಬಂದ ಹಾಗೆ. ನಮ್ಮ ಗೆರೆಗಳನ್ನು ಪಕ್ಕದಲ್ಲಿಟ್ಟು ನೋಡೋಣ ಎಂದು ಕೂತೆ. ಕೂತಾಗಲೇ ಒಂದು ವಿಷಯ ಹೊಳೆಯಿತು: ಬಂದ ಹಾಗಿನ ನಮ್ಮ ಗೆರೆಯನ್ನು ನಾನು ನೋಡಿಯೇ ಇರಲಿಲ್ಲ. ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಟು ತಿಂದ ಬಾವಿ ತಾನೂ ಬೆಳಕು ಬಿಡುತ್ತದೆ. ಆ ಬೆಳಕನ್ನು ಗೆರೆಯಾಗಿ ಬರೆದರೆ ಒಂದು ಶಿಖರ, ಶಿಖರಕ್ಕೊಂದು ಬಾಲ. ಬಾಲ ಎಷ್ಟು ಉದ್ದ ಚಾಚಿದೆ ಎಂಬುದರಿಂದ ಎಲೆಕ್ಟ್ರಾನು ಎಷ್ಟು ಬಿಸಿ ಎಂದು ತಿಳಿಯುತ್ತದೆ. ಶಿಖರ ಎಲ್ಲಿದೆ ಎಂಬುದರಿಂದ ಹರಳು ಎಷ್ಟು ಬಿಸಿ ಎಂದು ತಿಳಿಯುತ್ತದೆ. ಹರಳು ಬೆಚ್ಚಗಾದಷ್ಟೂ ಶಿಖರ ಕೆಂಪಿನ ಕಡೆಗೆ ಜರುಗುತ್ತದೆ. ನಮ್ಮ ಭಾವನಿಗೆ ಶಿಖರಗಳು ಒಂದರ ಪಕ್ಕ ಒಂದು ಅಡ್ಡಾದಿಡ್ಡಿ ನಿಂತರೆ ಸಹಿಸದು. "ಅಳೆಯೋ ಯಂತ್ರ ದಿನಾ ಸ್ವಲ್ಪ ಅಲ್ಲಾಡುತ್ತೆ, ಅದರಿಂದ ಹಾಗೆ ಕಾಣುತ್ತೆ" ಎಂದು ಹೇಳಿ, ಎಲ್ಲ ಶಿಖರಗಳನ್ನೂ ಒಂದರ ಮೇಲೊಂದು ಸರಿಯಾಗಿ ಕೂರುವಂತೆ ಸರಿಸುವ ಪ್ರೋಗ್ರಾಂ ಬರೆದಿದ್ದರು. ಗೆರೆಗಳು ನಮ್ಮ ಕೈಗೆ ಬರುವ ಮೊದಲೇ ಬಾಚಿ ಜಡೆ ಹಾಕಿಸಿಕೊಂಡು ಬರುತ್ತಿದ್ದವು.

ಸರಿಸದ ಗೆರೆಗಳನ್ನು ಹುಡುಕಿ ತೆಗೆದೆ. ಅಯ್ಯೋ ರಾಮ! ಲೇಸರ್ ಜೋರು ಮಾಡಿದಂತೆಲ್ಲ ಶಿಖರ ಕೆಂಪಿನತ್ತ ಸಾಲಾಗಿ ಜರುಗಿತ್ತು. ದಿನ ದಿನದ ಅಲುಗಾಟವಲ್ಲ, ಒಂದೇ ಬೆಳಗಿನ ಗೆರೆಗಳೇ ಹಾಗಿದ್ದವು. ಹರಳೇ ಕಾದಿತ್ತು. ಥರ್ಮಾಮೀಟರು ತಾಮ್ರದ ಮೇಲೆ ಕೂತು "ತಣ್ಣಗಿದೆ, ತಣ್ಣಗಿದೆ" ಎನ್ನುತ್ತಿತ್ತು, ಬಿಲ್ಲೆ ಮೇಲೆ ಬೇಯುತ್ತಿತ್ತು. ಎಲೆಕ್ಟ್ರಾನುಗಳು ಹರಳಿನಷ್ಟೇ ತಣ್ಣಗಾಗಬಲ್ಲವು, ಅದಕ್ಕಿಂತ ಕೆಳಗೆ ಹೋಗುವುದಾದರೂ ಎಲ್ಲಿಗೆ? ಅವು ಅರ್ಧ ದಾರಿಯಲ್ಲಿ ನಿಂತಿರಲಿಲ್ಲ. ಇಳಿಯುವಷ್ಟು ಇಳಿದು ಮುಗಿಸಿದ್ದವು.

ಭಾವ ನಿರ್ದೇಶಕರ ಜೊತೆ ಹೊರಗೆ ಹೋದ ದಿನ ಡಬ್ಬಿಯನ್ನು ಬೆಚ್ಚಗೆ ಮಾಡಿ ತೆರೆದೆ. ಒಳಗೆ ಹಳದಿಗಟ್ಟಿದ ಗ್ರೀಸಿನ ಗುಡ್ಡೆ. ಅದರ ಮೇಲೆ ಬಿಲ್ಲೆಯ ತುಂಡು ವಾಲಿಕೊಂಡಿತ್ತು, ಒಂದು ಮೂಲೆ ಮಾತ್ರ ತಾಮ್ರದ ಕಡೆಗೆ ಅಂಟಿತ್ತು. ಚಿಮುಟದಿಂದ ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಗ್ರೀಸಿನೊಳಗೆ ಒಂದು ಬಿಳಿ ಕೂದಲು, ಬೆರಳಿನ ಗುರುತು, ಮತ್ತು ಬಿಲ್ಲೆಯನ್ನು ಮೇಲಕ್ಕೆ ಎತ್ತಿ ಹಿಡಿದಿದ್ದ ದಪ್ಪ ತರಿ ತರಿಯಾದ ಚೂರುಗಳು. ಬಿಸ್ಕತ್ತು! ಲೋಕವೆಲ್ಲ ಕೊಂಡಾಡಿದ ಸಂಶೋಧನೆ ಬಿಸ್ಕತ್ತಿನ ಪುಡಿಯ ಮೇಲೆ ನಿಂತಿತ್ತು. ಥೂ, ಇವರ ಜನ್ಮಕ್ಕಿಷ್ಟು ಎಂದು ಗಟ್ಟಿಯಾಗಿಯೇ ಹೇಳಿದೆ. ಕೈಯನ್ನು ಮೊಣಕೈವರೆಗೂ ತೊಳೆದುಕೊಂಡೆ.

ಬಿಲ್ಲೆಯನ್ನು ಚೊಕ್ಕಟ ಮಾಡಿ, ಕಾಣದಷ್ಟು ತೆಳ್ಳಗೆ ಗ್ರೀಸ್ ಸವರಿ ಮತ್ತೆ ಅಂಟಿಸಿದೆ. ಅಳೆದೆ. ಎಲೆಕ್ಟ್ರಾನುಗಳು ದಡದಡ ಇಳಿದು, ಆಮೇಲೆ ಮೆಲ್ಲಗೆ ಜಾರಿ, ಎಲ್ಲರ ಮನೆಯವುಗಳ ಹಾಗೆ ತಣ್ಣಗಾದವು. ಹಿರಿಯಾಕೆಯ ಗೆರೆಯ ಮೇಲೆ ನಮ್ಮದನ್ನು ಇಟ್ಟರೆ ಎರಡು ಎಂದು ಗುರುತಿಸಲಾಗಲಿಲ್ಲ. ಅಂದರೆ ಬಿಲ್ಲೆಯ ಎರಡು ಅರ್ಧಗಳೂ ಒಂದೇ. ಗೆರೆ ಎಷ್ಟು ಸಪೂರವಾಗಿತ್ತೆಂದರೆ ಅಂಥ ಶುದ್ಧ ಬಿಲ್ಲೆಯನ್ನು ನಾನು ಇನ್ನೆಲ್ಲೂ ನೋಡಿರಲಿಲ್ಲ.

ಅಡುಗೆಯಣ್ಣನಿಗೆ ತೋರಿಸಿದೆ. ಅವನು ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದ. "ನೋಡ್ದ್ಯಾ? ನೋಡ್ದ್ಯಾ? ಕೊಳಕಂತೆ ಕೊಳಕು! ಅವ್ರ ಉಗುರು ಕೊಳಕು" ಎಂದು ಕುಣಿದ. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತು ಕಣ್ಣೊರೆಸಿಕೊಂಡ. "ಸೋಮವಾರ ನೀನೇ ಹೇಳ್ಬೇಕು ತಾಯಿ. ನನ್ ಮಾತು ಯಾರೂ ಕೇಳಲ್ಲ."

"ಹೇಳ್ತೀನಿ. ನೀನು ಸುಮ್ನೆ ಕೂತಿದ್ರೆ ಸಾಕು" ಎಂದೆ.

ಬೆನ್ನ ಹಿಂದೆ ಮಾಡುವುದು ನನಗೆ ಆಗದು. ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋಗಿ ಭಾವನ ಮುಂದೆ ಎರಡೂ ಗೆರೆಗಳನ್ನು ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು. ಬೆಚ್ಚಿಬೀಳುತ್ತಾರೆ, ರೇಗುತ್ತಾರೆ ಎಂದುಕೊಂಡಿದ್ದೆ. ಎರಡೂ ಆಗಲಿಲ್ಲ.

"ನಿಮಗೆ ಗೊತ್ತಿತ್ತಾ ಭಾವ?"

"ಗೊತ್ತಿತ್ತು ಅಂತಲ್ಲಮ್ಮ. ಅನುಮಾನ ಇತ್ತು. ಅನುಮಾನ ಇಲ್ದೇ ಇರೋನು ಯಾವ ಸೀಮೆ ವಿಜ್ಞಾನಿ, ಹೇಳು?"

"ಅನುಮಾನ ಇತ್ತು ಅಂದ್ರೆ ಡಬ್ಬಿ ತೆಗೆದು ನೋಡ್ಬೇಕಿತ್ತು. ಅಡುಗೆಯಣ್ಣನ ತಲೆಗೆ ಯಾಕೆ ಕಟ್ಟಿದ್ರಿ?"

"ಯಾರ ತಲೆಗಾದ್ರೂ ಕಟ್ಲೇಬೇಕಲ್ಲ" ಎಂದರು. ಹಾಲಿನವನಿಗೆ ನಾಳೆ ಅರ್ಧ ಲೀಟರು ಸಾಕು ಎನ್ನುವಷ್ಟೇ ಸಲೀಸಾಗಿ ಹೇಳಿದರು. ನಾನು ನಾಳೆ ಸಭೆಯಲ್ಲಿ ಎಲ್ಲ ತೋರಿಸುತ್ತೇನೆ ಎಂದೆ. "ತೋರಿಸು. ಸತ್ಯ ತಾನೇ? ತೋರಿಸ್ಬೇಕು" ಎಂದು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ತಳ್ಳಿದರು. ನಾನು ಧಡಾರನೆ ಎದ್ದು ಬಂದೆ.

ಮಧ್ಯಾಹ್ನ ಅಕ್ಕ ಫೋನ್ ಮಾಡಿ ಅವಳ ಕ್ಲಿನಿಕ್ಕಿಗೆ ಕರೆದಳು. ಅಕ್ಕ ಹಲ್ಲಿನ ಡಾಕ್ಟರು. ರಜೆಯ ದಿನ, ಯಾರೂ ಇರಲಿಲ್ಲ. "ಕೂತ್ಕೋ, ಹಲ್ಲು ತೋರಿಸಿ ಎಷ್ಟು ದಿನ ಆಯ್ತು?" ಎಂದು ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದಳು. ನಾನು ಬಾಯಿ ತೆರೆದ ತಕ್ಷಣ ಕನ್ನಡಿ ತೂರಿಸಿ ಮಾತಿಗೆ ಶುರುಮಾಡಿದಳು. ನನ್ನ ಬಾಯಿ ಮುಚ್ಚಿಸುವುದಕ್ಕೆ ಅವಳು ಕಂಡುಕೊಂಡ ದಾರಿ ಅದು.

"ನೋಡೇ, ಅವ್ರು ಮಾಡಿದ್ದು ಸರಿ ಅಂತ ನಾನೇನೂ ಹೇಳ್ತಿಲ್ಲ. ಅವ್ರ ಸುಳ್ಳೆಲ್ಲಾ ನನಗೆ ಗೊತ್ತು. ನಮ್ ಮದುವೆ ಮಾತುಕತೆಯಲ್ಲಿ ಕೂದಲು ಉದುರೋದು ನಿಂತಿದೆ ಅಂದಿದ್ರು."

"ಆಂ," ಎಂದೆ.

"ಆದ್ರೆ ಇವತ್ತು ಅವ್ರ ಹೆಸ್ರು ಕೆಟ್ರೆ ನಾಳೆ ನಾನು ತಲೆ ಎತ್ಕೊಂಡು ಓಡಾಡೋದು ಹೇಗೆ? ನಿನ್ನ ಕೆಲಸ ಏನಾಗುತ್ತೆ? ಆ ಅಡುಗೆಯವ್ನು ನಿನಗೆ ಏನಾಗ್ಬೇಕು? ಮಾವನಾ, ಮೈದುನನಾ?"

"ಆಂ ಆಂ!"

"ಹುಳುಕು ಹಲ್ಲು ಅಂತ ಎಲ್ಲಾದನ್ನೂ ಕೀಳಕ್ಕಾಗಲ್ಲ. ಕೆಲವನ್ನ ತುಂಬಿಸಿ ಮುಚ್ಚಿಬಿಡ್ಬೇಕು."

ನಾನು ಅವಳ ಕೈ ತಳ್ಳಿ ಎದ್ದು ಕೂತೆ. "ಮುಚ್ಚಿದ ಹಲ್ಲು ಒಳಗೇ ಕೊಳೆಯುತ್ತೆ ಅಂತ ಇದೇ ಕುರ್ಚಿ ಮೇಲೆ ಎಷ್ಟು ಜನಕ್ಕೆ ಹೇಳಿಲ್ಲ ನೀನು?" ಅಕ್ಕ ಕೈಗವಸು ಕಳಚಿ ಬುಟ್ಟಿಗೆ ಎಸೆದಳು. "ಆ ಜನಕ್ಕೆ ದುಡ್ಡು ಕೊಡ್ದೇ ಎದ್ದು ಹೋಗೋ ಧೈರ್ಯ ಇರಲ್ಲ, ನಿನಗಿದೆ" ಎಂದಳು. ಇಬ್ಬರಿಗೂ ನಗು ಬಂತು, ಇಬ್ಬರೂ ನಗಲಿಲ್ಲ.

ಸೋಮವಾರ ಉದ್ದ ಮೇಜಿನ ಒಂದು ತುದಿಯಲ್ಲಿ ನಿರ್ದೇಶಕರು ಕೂತಿದ್ದರು. ಅವರಿಗೆ ಹನ್ನೆರಡು ತಿಂಗಳೂ ನೆಗಡಿ. ಮೂಗು ಒರೆಸಿದ ಕರವಸ್ತ್ರವನ್ನು ಮೇಜಿನ ಮೇಲೆ ಹರಡಿ ಇಡುವರು. ಒಂದು ಪಕ್ಕ ಹಿರಿಯಾಕೆ, ಬೆಳ್ಳಿ ಕೂದಲು, ಇಸ್ತ್ರಿ ಹಾಕಿದಂಥ ಮುಖ. ಇನ್ನೊಂದು ಪಕ್ಕ ಭಾವ. ಬಾಗಿಲ ಹತ್ತಿರ ಅಡುಗೆಯಣ್ಣ ಒಗೆದ ಅಂಗಿ ತೊಟ್ಟು ಕೂತಿದ್ದ. ನಾನು ಅವನ ಕಡೆ ನೋಡಿದೆ. ಅವನು ನೆಲ ನೋಡುತ್ತಿದ್ದ.

ಭಾವ ಗಂಟಲು ಸರಿಪಡಿಸಿಕೊಂಡರು. "ಶುರುವಿಗೆ ಮುಂಚೆ, ನಮ್ಮಲ್ಲೊಬ್ರು ಮನಸ್ಸಿನ ಭಾರ ಇಳಿಸ್ಕೋಬೇಕು ಅಂತಿದಾರೆ. ಹೇಳಪ್ಪ."

ಅಡುಗೆಯಣ್ಣ ಎದ್ದು ನಿಂತ. "ಆ ಬಿಲ್ಲೆ ಬೆಳೆಸಿದ್ ದಿನ ಹಿಡಿಕೆ ತಿರುಗಿಸೋ ಮೋಟರ್ ಮಧ್ಯದಲ್ಲಿ ನಿಂತಿತ್ತು. ಅದರಿಂದ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಾಯ್ತು. ನಾನು ಯಾರ್ಗೂ ಹೇಳ್ಲಿಲ್ಲ. ಆಮೇಲೆ ಮೋಟರ್ ಸರಿಮಾಡಿದೀನಿ. ಈಗ ಮಷೀನ್ ಚೆನ್ನಾಗಿದೆ." ಕೊನೆಯ ವಾಕ್ಯವನ್ನು ನಿರ್ದೇಶಕರ ಮುಖ ನೋಡಿ ಹೇಳಿ ಕೂತುಕೊಂಡ.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ತನ್ನ ಬಿಲ್ಲೆಯ ಮೇಲೆ ಇರುವೆ ಜಾರುತ್ತದೆ ಎನ್ನುತ್ತಿದ್ದ ಬಾಯಿ ಅದೇನಾ? ಭಾವನ ಮೇಲಿನ ಹೇಸಿಗೆ ಹಳೆಯದು, ಅಭ್ಯಾಸವಾಗಿತ್ತು. ಅಡುಗೆಯಣ್ಣನ ಮೇಲೆ ಹೇಸಿಗೆ ಹುಟ್ಟಿದ್ದು ಅದೇ ಮೊದಲು, ಅದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಸುಳ್ಳು" ಎಂದೆ. ಎದ್ದು ಹೋಗಿ ಗೋಡೆಯ ಮೇಲೆ ಗೆರೆಗಳನ್ನು ತೋರಿಸಿದೆ. ಮೊದಲು ಸರಿಸಿ ಜೋಡಿಸಿದ್ದವು, ಆಮೇಲೆ ಸರಿಸದವು. ಗ್ರೀಸಿನ ಚಿತ್ರ ತೋರಿಸಿದೆ. ಕೂದಲು, ಬಿಸ್ಕತ್ತಿನ ಪುಡಿ ಎಲ್ಲವನ್ನೂ ಬೊಟ್ಟು ಮಾಡಿ ಹೇಳಿದೆ. ಕೊನೆಗೆ ತೆಳ್ಳಗೆ ಅಂಟಿಸಿ ಅಳೆದ ಗೆರೆಯನ್ನು ಹಿರಿಯಾಕೆಯ ಗೆರೆಯ ಮೇಲೆ ಕೂರಿಸಿದೆ. ಒಂದು ದಾರದೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

ಹಿರಿಯಾಕೆ ತುಂಬ ಹೊತ್ತು ನೋಡಿದಳು. ಆಮೇಲೆ ಕುರ್ಚಿಯನ್ನು ಅಡುಗೆಯಣ್ಣನ ಕಡೆಗೆ ತಿರುಗಿಸಿಕೊಂಡಳು. "ಮೋಟರ್ ನಿಂತಿದ್ರೆ ಬಾವಿಯ ದಪ್ಪ ಬದಲಾಗ್ಬೇಕು, ದಪ್ಪ ಬದಲಾದ್ರೆ ಶಿಖರದ ಜಾಗ ಬದಲಾಗ್ಬೇಕು. ಇಲ್ಲಿ ಕೂದಲೆಳೆಯಷ್ಟೂ ಬದಲಾಗಿಲ್ಲ. ಇಷ್ಟು ಒಳ್ಳೇ ಬಿಲ್ಲೆ ನನ್ನ ಕೈಗೆ ಇನ್ಯಾವತ್ತೂ ಸಿಕ್ಕಿಲ್ಲ. ನಿಜ ಹೇಳಿ, ಮೋಟರ್ ನಿಂತಿತ್ತಾ?"

ಅವನಿಗೆ ಅದಕ್ಕಿಂತ ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಾರರು. ಇಲ್ಲ ಎಂದರೆ ಮುಗಿಯಿತು. ಅವನು ಭಾವನ ಮುಖ ನೋಡಿದ. ಭಾವ ಕಣ್ಣು ಮುಚ್ಚಿ ತೆರೆದರು.

"ನಿಂತಿತ್ತು ಮೇಡಂ" ಎಂದ.

ಆಗ ಭಾವ ಎದ್ದರು. ಎರಡೂ ಕೈ ಮೇಜಿನ ಮೇಲೆ ಊರಿ, ತಲೆ ತಗ್ಗಿಸಿ, ಹೆಣದ ಮುಂದೆ ಮಾತಾಡುವ ದನಿಯಲ್ಲಿ ಹೇಳಿದರು. "ಗ್ರೀಸಿನ ವಿಚಾರ ನನ್ನ ತಪ್ಪು. ಗೊತ್ತಿಲ್ದೇ ಆಗಿದ್ದು. ಪ್ರಬಂಧ ವಾಪಸ್ ತಗೋತೀನಿ. ತಪ್ಪನ್ನ ತೋರಿಸಿಕೊಟ್ಟಿದ್ದು ನನ್ನ ನಾದಿನಿ, ನನ್ನ ಹತ್ರಾನೇ ಕೆಲಸ ಕಲಿತೋಳು, ನನಗೆ ಅದೇ ಹೆಮ್ಮೆ. ಆದ್ರೆ ಮೋಟರ್ ನಿಂತಿದ್ದನ್ನ ಒಬ್ಬ ಮನುಷ್ಯ ಬೇಕಂತ ಮುಚ್ಚಿಟ್ಟಿದಾನೆ. ಅವನ ಬಾಯಿಂದ್ಲೇ ಕೇಳಿದ್ರಿ. ಗೊತ್ತಿಲ್ದೇ ಆದ ತಪ್ಪು ಬೇರೆ, ಗೊತ್ತಿದ್ದೂ ಮುಚ್ಚಿಟ್ಟಿದ್ದು ಬೇರೆ."

ಅಡುಗೆಯಣ್ಣ ತಲೆ ಎತ್ತಿದ.

"ಅಲ್ಲಾ ಸಾರ್, ಮೋಟರ್ ನಿಂತೇ ಇಲ್ಲ! ಗೆರೆನೇ ಹೇಳ್ತಿದೆ!" ಎಂದು ನಾನು ಕಿರುಚಿದೆ.

ನಿರ್ದೇಶಕರು ಕರವಸ್ತ್ರ ಮಡಿಚಿದರು. "ನಿಂತಿದ್ರೆ ಅವತ್ತು ಮುಚ್ಚಿಟ್ಟ. ನಿಂತಿಲ್ದೇ ಇದ್ರೆ ಇವತ್ತು ನಮ್ಮೆಲ್ಲರ ಮುಂದೆ ಎರಡು ಸಲ ಸುಳ್ಳು ಹೇಳ್ದ. ಯಾವುದಾದ್ರೂ ಒಂದೇ."

"ಬಿಲ್ಲೆ ಚೆನ್ನಾಗಿದೆ ಅಂತ ನಾನೇ ಹೇಳ್ತಿದೀನಲ್ಲ" ಎಂದಳು ಹಿರಿಯಾಕೆ.

"ಬಿಲ್ಲೆ ಮೇಲೆ ನಮ್ಮ ದೂರಿಲ್ಲ ಮೇಡಂ. ಮನುಷ್ಯನ ಮೇಲೆ." ಅಲ್ಲಿಗೆ ಸಭೆ ಮುಗಿಯಿತು. ಚಹಾ ಬಂತು.

ಸಂಜೆಯೊಳಗೆ ಯಂತ್ರ ಆರಿಸಿ ಬೀಗದ ಕೈ ಕೊಡಬೇಕೆಂದು ಅಡುಗೆಯಣ್ಣನಿಗೆ ಹೇಳಿದರು. ಬೇರೆ ಯಾರಿಗೂ ಅದನ್ನು ನಡೆಸುವುದಕ್ಕೆ ಬರುತ್ತಿರಲಿಲ್ಲ, ಹಾಗಾಗಿ ಆರಿಸುವುದಕ್ಕೂ ಅವನೇ ಬೇಕಾಗಿತ್ತು. ನಾನು ಜಗಳ ಆಡಲೆಂದೇ ಹೋದೆ. ಅವನು ಒಲೆಗಳನ್ನು ಒಂದೊಂದಾಗಿ ತಗ್ಗಿಸುತ್ತಿದ್ದ, ಒಮ್ಮೆಗೇ ಆರಿಸಿದರೆ ಒಲೆಯೊಳಗಿನ ಮಡಕೆಗಳು ಸೀಳಿ ಹೋಗುತ್ತವೆ ಎಂದು.

"ನಾಚಿಕೆ ಆಗಲ್ವಾ ನಿನಗೆ?" ಎಂದೆ. "ಅಷ್ಟು ಹೇಳಿದ್ನಲ್ಲಾ, ಸುಮ್ನೆ ಕೂತಿದ್ರೆ ಸಾಕು ಅಂತ."

"ನಿನ್ನೆ ನಿಮ್ ಭಾವ ಮನೆಗೆ ಬಂದಿದ್ರು" ಎಂದ. "ಅಮ್ಮನ ಹತ್ರ ಕೂತು ಮಾತಾಡಿದ್ರು, ಅಮ್ಮನ ಕಾಲು ಮುಟ್ಟಿದ್ರು. ಆಮೇಲೆ ನನಗೆ ಬಿಡಿಸಿ ಹೇಳಿದ್ರು. ನೀನು ತೋರಿಸೋದು ತೋರಿಸ್ತೀಯ, ಪ್ರಬಂಧ ಹೋಗುತ್ತೆ, ಅನುದಾನ ಹೋಗುತ್ತೆ, ಜೊತೆಗೆ ಮಷೀನೂ ಹೋಗುತ್ತೆ. ಬಿಲ್ಲೆ ಮಾತ್ರ ಕೆಟ್ಟಿತ್ತು, ಮಷೀನ್ ಸರಿಯಾಗಿದೆ ಅಂತ ನಾನು ಒಪ್ಕೊಂಡ್ರೆ, ಹೇಗಾದ್ರೂ ಮಾಡಿ ಮಷೀನ್ ಉಳಿಸ್ತೀನಿ ಅಂದ್ರು."

"ಅವ್ರ ಮಾತು ನಂಬಿದ್ಯಾ? ಅವ್ರ ಮಾತು?"

"ಅಮ್ಮನ ಕಾಲು ಮುಟ್ಟಿದ್ರಲ್ಲಮ್ಮ."

"ನನಗೆ ಒಂದು ಫೋನ್ ಮಾಡಕ್ಕಾಗ್ಲಿಲ್ವಾ?"

"ಮಾಡಿದ್ರೆ ನೀನು ತೋರಿಸದೇ ಇರ್ತಿದ್ಯಾ?"

ನಾನು ಯೋಚಿಸಿದೆ. "ಇಲ್ಲ" ಎಂದೆ.

"ಮತ್ತೆ?" ಎಂದು ಇನ್ನೊಂದು ಒಲೆ ತಗ್ಗಿಸಿದ. ಬಯ್ಯಬೇಕೆಂದು ತಂದಿದ್ದ ಮಾತೆಲ್ಲ ಬಾಯಲ್ಲೇ ಹಳಸಿತು. ಅವನ ಮೇಲಿನ ಹೇಸಿಗೆ ಅಷ್ಟಕ್ಕೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಇನ್ನೂ ಇದೆ. ಆದರೆ ಅವನು ಕೊನೆಯ ಒಲೆ ಆರಿಸಿ, ಪಂಪಿನ ಸದ್ದು ನಿಂತ ಮೇಲೆ, ಗೋಡೆ ಹಿಡಿದುಕೊಂಡು ನಿಂತದ್ದನ್ನು ನಾನು ನೋಡಿದೆ. ಹೆಗಲ ಮೇಲೆ ಕೈ ಇಡಲು ಹೋದೆ. "ಮುಟ್ಟಬೇಡ" ಎಂದ.

ತಿಂಗಳು ಕಳೆದ ಮೇಲೆ ಅಕ್ಕ ಊಟಕ್ಕೆ ಕರೆದಳು. "ಅವ್ರಿಗೆ ನಿನ್ನ ಮೇಲೆ ಒಂಚೂರೂ ಕೋಪ ಇಲ್ವಂತೆ" ಎಂದಳು. ಅಕ್ಕನ ಮುಖ ನೋಡಿ ಹೋದೆ. ಭಾವ ಹೊಸ ಅಂಗಿ ತೊಟ್ಟು ಖುಷಿಯಾಗಿದ್ದರು. ಪ್ರಬಂಧ ವಾಪಸ್ ಪಡೆದ ಮೇಲೆ ಅವರಿಗೆ ಮೊದಲಿಗಿಂತ ಹೆಚ್ಚು ಹೆಸರು ಬಂದಿತ್ತು. ತಪ್ಪನ್ನು ಇಷ್ಟು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡವರು ಅಪರೂಪ ಎಂದು ಎಲ್ಲರೂ ಹೊಗಳುತ್ತಿದ್ದರಂತೆ. ಪ್ರಯೋಗದಲ್ಲಿ ಪ್ರಾಮಾಣಿಕತೆ ಎಂಬ ವಿಷಯದ ಮೇಲೆ ಭಾಷಣಕ್ಕೆ ಕರೆದಿದ್ದರಂತೆ.

"ನಿನ್ನ ಆ ಸರಿಸದ ಗೆರೆಗಳ ಚಿತ್ರ ಇದೆಯಲ್ಲಾ, ಅದು ಬೇಕು. ಭಾಷಣದಲ್ಲಿ ತೋರಿಸ್ಬೇಕು" ಎಂದರು.

"ಬಿಲ್ಲೆ ಬೆಳೆಸಿದೋನ ಹೆಸರು ಕೆಳಗೆ ಹಾಕ್ತೀರಾ?"

ಭಾವ ತುತ್ತು ನಿಲ್ಲಿಸಿ ನನ್ನನ್ನು ನೋಡಿದರು. ಮುಖದಲ್ಲಿ ಕಪಟ ಇರಲಿಲ್ಲ, ನಗೆ ಇರಲಿಲ್ಲ, ನಿಜವಾದ ಬೇಸರ ಇತ್ತು.

"ಪ್ರಾಮಾಣಿಕತೆ ಬಗ್ಗೆ ಮಾತಾಡೋವಾಗ ಅಂಥವನ ಹೆಸರು ಹೇಗಮ್ಮ ಹಾಕೋದು?" ಎಂದರು. "ಮೋಟರ್ ನಿಂತಿದ್ದನ್ನ ಮುಚ್ಚಿಟ್ಟೋನು ಅವನು."

ಅವರು ಅದನ್ನು ನಂಬಿದ್ದರು.